ಅಣ್ಣ ತಿದ್ದಿದ ನಾಟಕ

೧೪ ನವೆಂಬರ್ ೧೯೯೧, ಗುರುವಾರ. ಭಾಂಡುಪ್.

ಅಸಹ್ಯ. ಬೇರೆ ಮಾತು ಹೊಳೆಯುತ್ತಿಲ್ಲ.

ಕನ್ನಡ ಸಂಘಕ್ಕೆಂದು ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಕುಟ್ಟಿಟ್ಟಿದ್ದ ನನ್ನ ನಾಟಕವನ್ನು ಇವತ್ತು ಪ್ರಿಂಟ್ ತೆಗೆದೆ. ಕೊನೆಯಲ್ಲಿ ನಾಯಕಿ ವಾರಿಜಾ ಗಂಡನ ಸೂಟ್‌ಕೇಸನ್ನು ಬಾಗಿಲಾಚೆ ಇಡಬೇಕು. ನೋಡಿದರೆ ಅವನ ಕಾಲು ಹಿಡಿದು ಅಳುತ್ತಿದ್ದಾಳೆ!

ತಿರುಮಲೇಶಣ್ಣನ ಕೆಲಸ. ತನ್ನ ಕೋಣೆಯಲ್ಲೇ ಕೂತು ನನ್ನ ಫೈಲನ್ನು ಎಳೆದುಕೊಂಡು, ತಿದ್ದಿ, ವಾಪಸ್ ಇಟ್ಟಿದ್ದಾನೆ. ಹೋದ ತಿಂಗಳು ಗೋಡೆ ಕೊರೆದು ಇಬ್ಬರ ಕಂಪ್ಯೂಟರುಗಳ ನಡುವೆ ತಂತಿ ಎಳೆದಾಗ ಪೇಡಾ ಹಂಚಿದ್ದೆವು. ಅವನದು ಯುನಿಕ್ಸ್, ನನ್ನದು ಡಾಸ್, ಒಂದಕ್ಕೊಂದು ಒಗ್ಗದ ವ್ಯವಸ್ಥೆಗಳು, ಆದರೂ ಫೈಲುಗಳು ಓಡಾಡುತ್ತವೆ ಎಂದು ಅವನ ವಿಕ್ರೋಳಿ ಆಫೀಸಿನವರೂ ಬಂದು ನೋಡಿ ಹೋದರು. ಓಡಾಡುವುದು ನನ್ನವು ಮಾತ್ರ. ಅವನದಕ್ಕೆ ಪಾಸ್‌ವರ್ಡ್ ಇದೆ, ನನ್ನದಕ್ಕೆ ಚಿಲಕವೇ ಇಲ್ಲ.

ಊಟದ ಹೊತ್ತಿಗೆ ಕೇಳಿದರೆ ಚಪಾತಿ ಮುರಿಯುತ್ತಾ, "ಮುಂದಿನ ಸಾಲಲ್ಲಿ ಸಂಘದ ಹಿರಿಯರೆಲ್ಲ ಕೂತಿರ್ತಾರೆ ಕಣೇ ಸರಸು. ಸ್ವಲ್ಪ ಅಡ್ಜಸ್ಟ್ ಮಾಡಿದೆ ಅಷ್ಟೇ" ಎಂದ.

"ಹಾಗಾದ್ರೆ ನಿನ್ನ ಪಾಸ್‌ವರ್ಡೂ ಕೊಡು."

"ಛೆ, ಅದು ಪರ್ಸನಲ್."

ಅಮ್ಮ ಅವನ ತಟ್ಟೆಗೆ ಇನ್ನೊಂದು ಚಪಾತಿ ಹಾಕಿ, "ಅಣ್ಣ ತಾನೇ ತಿದ್ದಿದ್ದು, ಬೇರೆಯವರಾ?" ಎಂದಳು.

ಊಟ ಅರ್ಧಕ್ಕೇ ಬಿಟ್ಟು ಎದ್ದು ಬಂದೆ. ಕದ್ದು ಓದಿದ್ದು ಹಾಳಾಗಲಿ. ನನ್ನ ವಾರಿಜಾಳ ಬಾಯಲ್ಲಿ "ಕ್ಷಮಿಸಿಬಿಡಿ" ಎಂದು ಹಾಕಿದ್ದಾನಲ್ಲ, ಅದೇ ಅಸಹ್ಯ.

ತಂತಿ ಕಿತ್ತು ಹಾಕಿದೆ. ಅವನು ಬರೆದ ಪುಟವನ್ನೇ ಮುದ್ದೆ ಮಾಡಿ ಗೋಡೆಯ ತೂತಿಗೆ ತುರುಕಿದೆ. ಆದರೂ ಆಚೆಯಿಂದ ಅವನ ಗೊರಕೆ ಕೇಳಿಸುತ್ತಿದೆ. ಅವನದೇ ಅನ್ನುವಂಥದ್ದು ಇದುವರೆಗೆ ಈ ಕಡೆ ಬಂದದ್ದು ಅದೊಂದೇ.