ಕಣ್ಣು ಬಂದು ಹೋದ ಮೇಲೆ

ಅವ್ವಾ,

ನೀನು ತೀರಿಹೋದ ಮೇಲೆ ಕಣ್ಣುಬೇನೆ ಮತ್ತೆ ಬಂದಿದೆ. ಈ ಸಲ ನಮ್ಮ ಹೊನ್ನಾಳಿಯಲ್ಲಿ ಒಂದು ಮನೆಯನ್ನೂ ಬಿಟ್ಟಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಕಪ್ಪು ಕನ್ನಡಕದವರು ಕಂಡರೆ "ಏನ್ರೀ, ಸಿನಿಮಾಕ್ಕೆ ಸೇರಿದ್ರಾ?" ಎಂದು ಜನ ನಗುತ್ತಾರೆ. ನಾನೊಬ್ಬಳೇ ಹೆದರಿ ಸಾಯುತ್ತಿದ್ದೇನೆ.

ರೇಡಿಯೊದಲ್ಲಿ ಬಾಂಗ್ಲಾ ಯುದ್ಧದ ಸುದ್ದಿ ಬರುತ್ತಿದ್ದ ವರ್ಷ ನೆನಪಿದೆಯಾ? ಸೂಳೆಕೆರೆ ದಂಡೆಯ ನಮ್ಮ ಮನೆಯಲ್ಲಿ ಮೊದಲು ಕಣ್ಣು ಬಂದಿದ್ದು ನನಗೆ. ನನ್ನ ಕಣ್ಣೊರೆಸಿದ ಒದ್ದೆ ಬಟ್ಟೆಯಲ್ಲೇ ನೀನು ಹನುಮಂತಣ್ಣನ ಕಣ್ಣನ್ನೂ ಒರೆಸಿದೆ. "ಒಬ್ಬೊಬ್ರಿಗೇ ಬಂದ್ರೆ ಆರೈಕೆ ಮಾಡಾಕೆ ಆಗಲ್ಲ. ಒಟ್ಟಿಗೇ ಬಂದು ಒಟ್ಟಿಗೇ ಹೋಗ್ಲಿ ಬಿಡು" ಅಂದೆ. ಕೇರಿಯ ತಾಯಂದಿರೆಲ್ಲ ಹಾಗೇ ಮಾಡುತ್ತಿದ್ದರಲ್ಲ. ಬೇಗನೇ ಎಲ್ಲರ ಕಣ್ಣೂ ತಿಳಿಯಾಯಿತು. ಪೀಡೆ ತೊಲಗಿತು ಎಂದು ನೀನು ಶ್ಯಾವಿಗೆ ಪಾಯಸ ಮಾಡಿದೆ.

ಕೆಲವು ವಾರ ಕಳೆದು ಅಣ್ಣ ಸೊಂಟ ಹಿಡಿದಿದೆ ಎಂದ. ಮೀನುಬಲೆ ಎಳೆದೂ ಎಳೆದೂ ಹೀಗಾಗಿದೆ ಎಂದು ನೀನು ಎಣ್ಣೆ ತಿಕ್ಕಿದೆ. ಆಮೇಲೊಂದು ದಿನ ಬಲೆ ಹೆಗಲಿಗೇರಿಸಿ ಹೊರಟವನು ಹೊಸ್ತಿಲಲ್ಲೇ ಕುಸಿದ. ಬಲಗಾಲಿಗೆ ಶಕ್ತಿ ಮತ್ತೆ ಬರಲೇ ಇಲ್ಲ. ಗಾಳಿ ಸೋಕಿದೆ ಎಂದು ನೀನು ಎಷ್ಟು ದೇವರಿಗೆ ಹರಕೆ ಹೊತ್ತೆ! ಪ್ರಾಯದ ಮಗನಿಗೆ ಹೆಗಲು ಕೊಟ್ಟು ಹಿತ್ತಿಲಿಗೆ ಕರೆದೊಯ್ಯುವಾಗ ನಿನ್ನ ಮುಖ ನೋಡಲು ನನ್ನಿಂದ...

ಮೊನ್ನೆ ಅಣ್ಣನನ್ನು ದಾವಣಗೆರೆಯಲ್ಲಿ ಒಬ್ಬ ಡಾಕ್ಟರಿಗೆ ತೋರಿಸಿದೆ. "ಕಾಲು ಹೋಗೋ ಮುಂಚೆ ಕಣ್ಣು ಬಂದಿತ್ತೇನಪ್ಪ?" ಎಂದು ಕೇಳಿದರು. ಕಣ್ಣು ವಾಸಿಯಾದ ಎಷ್ಟೋ ದಿನದ ಮೇಲೆ ಆ ರೋಗ ಕೆಲವರ ನರಕ್ಕೆ ಇಳಿಯುತ್ತದಂತೆ ಅವ್ವಾ. ಅಪರೂಪವಂತೆ. ಮೊದಲು ಸೊಂಟನೋವು, ಆಮೇಲೆ ಕಾಲು. ನಿನ್ನನ್ನು ದೂರಲು ಬರೆಯುತ್ತಿಲ್ಲ. ಆಗ ಯಾರಿಗೆ ಗೊತ್ತಿತ್ತು? ಈಗ ಹೇಳಿದರೂ ಯಾರು ಕೇಳುತ್ತಾರೆ?

ನಿನ್ನ ಅಳಿಯನಿಗೂ ಕಣ್ಣು ಬಂದು ಹೋಯಿತು. ಕೆಂಪು ಇಳಿಯುತ್ತಲೇ ಮತ್ತೆ ಬಸ್ಸಿನ ಸ್ಟೇರಿಂಗ್ ಹಿಡಿದರು. ದಿನಾ ಬೆಳಿಗ್ಗೆ ಅವರು ಹಾಸಿಗೆಯಿಂದ ಏಳುವುದನ್ನೇ ನೋಡುತ್ತೇನೆ. "ಕಣ್ಣಿಗೆ ಬಂದಿದ್ದು ಕಾಲಿಗೆ ಹೆಂಗೆ ಇಳಿತೈತೆ? ನಿಂಗೆ ತಲೆ ಕೆಟ್ಟೈತೆ" ಎಂದು ನಗುತ್ತಾರೆ. ಅತ್ತೆಯಂತೂ "ಬಿಡ್ತು ಅನ್ನು" ಎಂದು ಗದರುತ್ತಾರೆ.

ಇವತ್ತು ಅವರು ಸೊಂಟಕ್ಕೆ ಕೈಯಿಟ್ಟುಕೊಂಡು ಎದ್ದರು. ಕೇಳಿದ್ದಕ್ಕೆ "ಏನಿಲ್ಲ, ಡ್ರೈವರ್ ಸೀಟು ಗಟ್ಟಿ ಐತೆ" ಅಂದರು. ಬಾಗಿಲಿಗೆ ಅಡ್ಡ ನಿಂತೆ. ನನ್ನನ್ನು ಸರಿಸಿ ಹೋದರು. ಶಿವಮೊಗ್ಗಕ್ಕೆ ಹೋದ ಬಸ್ಸು ಇನ್ನೇನು ಹೊನ್ನಾಳಿಗೆ ವಾಪಸು ಬರುತ್ತದೆ. ಇಲ್ಲಿ ಜನ ತುಂಬಿಸಿಕೊಂಡು ಹೊಳೆಯ ಸೇತುವೆ ದಾಟಬೇಕು. ಬ್ರೇಕಿನ ಮೇಲೆ ಅವರ ಕಾಲು. ಆ ಕಾಲು ಅಲ್ಲೇನಾದರೂ...

ಇಲ್ಲ ಅವ್ವಾ, ನಾನು ಬಸ್ ಸ್ಟ್ಯಾಂಡಿಗೆ ಹೊರಟೆ. ಚಕ್ರದ ಮುಂದೆ ಕೂತಾದರೂ ಸರಿ, ಅವರನ್ನು ಇಳಿಸುತ್ತೇನೆ. ನನಗೆ ಹುಚ್ಚು ಹಿಡಿದಿದೆ ಎಂದು ಊರೆಲ್ಲ ಹೇಳಿಕೊಂಡು ತಿರುಗಲಿ. ಇಳಿಯುವಾಗ ಅವರ ಕಾಲು ನೆಲಕ್ಕೆ ಊರಿದರೆ ನನಗಷ್ಟು ಸಾಕು.