ಬಲಗಡೆ ಮೊದಲನೇ ಸೀಟು

ಅಪ್ಪಾ,

ಗಾಬರಿ ಆಗ್ಬೇಡ, ಎಲ್ರೂ ಚೆನ್ನಾಗಿದೀವಿ. ನಾಲ್ಕು ವರ್ಷದಿಂದ ನನ್ನ ಮೆಸೇಜಿಗೆ ನೀನು ಉತ್ತರ ಕೊಟ್ಟಿಲ್ಲ, ಅದಕ್ಕೇ ನಿನ್ನ ಬಸ್ ಡಿಪೋ ವಿಳಾಸಕ್ಕೆ ಪತ್ರ.

ನಮ್ಮ ಬಸ್ ಅಭಿಮಾನಿಗಳ ಗ್ರೂಪಲ್ಲಿ ಯಾರೋ ಪೊಸಿಟಾನೊ ಊರಿನ ತಿರುವಲ್ಲಿ ಬರೋ ಬಸ್ಸಿನ ವಿಡಿಯೊ ಹಾಕಿದ್ರು. ಡ್ರೈವರ್ ಮುಖ ಕಾಣ್ಲಿಲ್ಲ, ಆದ್ರೆ ಎರಡು ಗಿಡ್ಡ, ಒಂದು ಉದ್ದ ಹಾರ್ನ್ ಕೇಳ್ತು. ಸ್ಕೂಲ್ ಗೇಟ್ ಹತ್ರ ನೀನು ನನ್ನ ಕರೀತಿದ್ದ ಹಾರ್ನೇ ಅದು! ಹದಿನೇಳು ಸಲ ಹಾಕ್ಕೊಂಡು ಕೇಳಿದೆ. ಅಮ್ಮ ಅಡುಗೆಮನೆಯಿಂದಲೇ, "ಆ ಮನುಷ್ಯನಿಗೆ ಬಾಯಿಗಿಂತ ಹಾರ್ನೇ ಜೋರು, ಆಫ್ ಮಾಡೇ!" ಅಂದ್ಲು. ಆಮೇಲೆ ಅವಳೇ ಅಟ್ಟದಿಂದ ನನ್ನ ಬ್ಯಾಗ್ ಇಳಿಸಿಕೊಟ್ಲು.

ಮೇ ಹತ್ತು, ಶನಿವಾರ, ಎರಡು ದಿನದ ಮಟ್ಟಿಗೆ ಬರ್ತೀನಿ. ಸೊರೆಂಟೊದಿಂದ ಬೆಳಿಗ್ಗೆ ಒಂಬತ್ತೂವರೆ ಬಸ್ಸು ನಿಂದೇ ಅಂತೆ, ಗ್ರೂಪಲ್ಲಿ ವಿಚಾರಿಸಿದೆ. ರಜೆ ಹಾಕ್ಬೇಡ. ಬಲಗಡೆ ಮೊದಲನೇ ಸೀಟಲ್ಲಿ ಕೂತ್ಕೋತೀನಿ. ನಿನ್ನ ಸ್ಟೀರಿಂಗ್ ಎಡಗಡೆ ಅಲ್ವಾ, ಅಲ್ಲಿಂದ ಸಮುದ್ರನೂ ಕಾಣುತ್ತೆ, ನೀನೂ ಕಾಣ್ತೀಯ.

ಏನು ಮಾತಾಡೋದು ಅಂತ ತಲೆ ಕೆಡಿಸ್ಕೋಬೇಡ. ಚಾಲಕರ ಜೊತೆ ಮಾತಾಡಬಾರದು ಅಂತ ನಿನ್ನ ತಲೆ ಮೇಲೇ ಬರ್ದಿರುತ್ತಲ್ಲ, ದಾರಿಯುದ್ದಕ್ಕೂ ಇಬ್ರೂ ಅದನ್ನೇ ಪಾಲಿಸೋಣ. ತಿರುವು ಬಂದಾಗ ಹಾರ್ನ್ ಹೊಡಿ, ಸಾಕು.

ಕೊನೇ ಸ್ಟಾಪ್ ಅಮಾಲ್ಫಿಲಿ ಎಲ್ರೂ ಇಳಿದ್ರೂ ನಾನು ಇಳಿಯಲ್ಲ. ಬಸ್ಸು ನಿಂತ ಮೇಲೆ ಆ ರೂಲ್ಸ್ ಇಲ್ಲ ಅಪ್ಪಾ.

ನಿನ್ನ ಬಸ್ಸಿನ ಫ್ಯಾನ್,
ಎರ್ಸಿಲಿಯಾ