ಟಚ್ಚಿಂಗ್ ಇಲ್ಲದ ಒಂದು ಮುಖ

ಮಾರ್ಚ್ ೧೪, ಬೆಳಿಗ್ಗೆ

ಪ್ರೀತಿಯ ನೆರಳಪ್ಪನಿಗೆ,

ನೀನು, ಅತ್ತಿಗೆ, ಮಗ ಎಲ್ಲರೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ವರ್ಷದ ಮೇಲಾಯಿತು, ಒಂದು ಸಾಲು ಬರೆಯಲಿಲ್ಲ, ಬೈಯಬೇಡ. ಸಿಟ್ಟಿನಲ್ಲಿ ನಿನ್ನ ಫೋನ್ ನಂಬರ್ ಅಳಿಸಿಹಾಕಿದ್ದೆ. ಇದ್ದಿದ್ದರೂ ಯಾವ ಮುಖ ಇಟ್ಟುಕೊಂಡು ಮಾತಾಡಲಿ? ಅದಕ್ಕೇ ಈ ಕಾಗದ, ಕೊರಿಯರ್‌ನಲ್ಲಿ.

ಮಗಳು ಮನೆ ಬಿಟ್ಟು ಹೋಗಿ ವಾರವಾಯಿತು.

ಠಾಣೆಯ ಪೇದೆ ಫೋಟೊ ಕೇಳಿದ, ಕೊಟ್ಟೆ. ಗುರುತೇನಾದರೂ ಇದೆಯಾ ಎಂದ. ಎಡಗೆನ್ನೆ ತುಂಬ ಹುಟ್ಟುಮಚ್ಚೆ, ಕಿವಿಯಿಂದ ಗದ್ದದವರೆಗೆ ಎಂದೆ. ಫೋಟೊ ನೋಡಿದ, ನನ್ನನ್ನು ನೋಡಿದ. "ಇದ್ರಲ್ಲಿ ಎಲ್ಲಿದೆ ಸಾರ್? ಫೋಟೊದವರ ಮನೇಲೇ ಫೋಟೊಗೆ ಬರಾನಾ?" ಎಂದು ನಕ್ಕ. ದೀಪದ ಬುಡದಲ್ಲೇ ಕತ್ತಲೆ.

ಮನೆಗೆ ಬಂದು ಆಲ್ಬಮ್ಮು, ಕಂಪ್ಯೂಟರು ಎಲ್ಲ ಜಾಲಾಡಿದೆ. ತೊಟ್ಟಿಲಿನಿಂದ ಕಾಲೇಜಿನ ಗುರುತಿನ ಚೀಟಿಯವರೆಗೆ ಎಲ್ಲದರಲ್ಲೂ ಮಚ್ಚೆ ಒರೆಸಿ ಟಚ್ಚಿಂಗ್ ಮಾಡಿದ ನನ್ನದೇ ಕೈವಾಡ. ತಿದ್ದಿದ ಮೇಲೆ ಮೂಲವನ್ನು ಅಳಿಸಿಬಿಡುವ ನನ್ನ ಚಟ ನಿನಗೆ ಗೊತ್ತಲ್ಲ. ಅವಳ ಅಮ್ಮನ, ಗೆಳತಿಯರ ಫೋನುಗಳಲ್ಲೂ ಬರೀ ಬಲಗೆನ್ನೆ. ಯಾರು ಫೋನ್ ಎತ್ತಿದರೂ ಮುಖ ತಿರುಗಿಸುವುದು ಅವಳಿಗೆ ರೂಢಿಯಾಗಿತ್ತು. ರೂಢಿ ಮಾಡಿಸಿದವನು ನಾನು.

ಬೇರೆ ದಾರಿಯಿಲ್ಲದೆ ಅಂಥದ್ದೇ ಒಂದನ್ನು ಊರೆಲ್ಲ ಅಂಟಿಸಿದೆವು. ಕೆಳಗೆ ಮಚ್ಚೆಯ ವಿಷಯ ಬರೆಸಿದ್ದೆ. ಮುಖ ನೋಡುವವರು ಅಕ್ಷರ ಓದುತ್ತಾರೆಯೇ? ನಿನ್ನೆ ಬಸ್ ನಿಲ್ದಾಣದಲ್ಲಿ ಟಿಕೆಟ್ ಕೊಡುವಾಕೆ ಹೇಳಿದಳು: "ಅಯ್ಯೋ ಅಣ್ಣಾ, ಮಚ್ಚೆ ಇರೋ ಹುಡುಗಿ ಒಬ್ಳು ಮೊನ್ನೆ ಇಲ್ಲೇ ಅಳ್ತಾ ಕೂತಿದ್ಲು. ಗೋಡೆ ಮೇಲಿನ ಫೋಟೊ ನೋಡ್ದೆ, ಇವಳಲ್ಲ ಬಿಡು ಅಂದ್ಕೊಂಡೆ." ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ನನ್ನವಳು ಆ ಫೋಟೊವನ್ನು ಗೋಡೆಯಿಂದ ಕಿತ್ತಳು.

ನಿನ್ನ ಫೋಟೊ ಪ್ರದರ್ಶನಕ್ಕೆ ನೀನು ಅವಳ ಫೋಟೊ ತೆಗೆದಿದ್ದೆಯಲ್ಲ! ಕಿಟಕಿಯ ಬೆಳಕು, ಖಾಲಿ ಗೋಡೆ, ಪೌಡರಿಲ್ಲ, ನಗು ಎಂದು ಹೇಳಿದ್ದೂ ಇಲ್ಲ. "ಮುಖ ಹೇಗಿದೆಯೋ ಹಾಗೆ. ಈಗಿನವರು ಹೀಗೇ ತೆಗೆಯೋದು ಕಣೋ" ಎಂದಿದ್ದೆ ನೀನು. "ಹೆಣ್ಣುಮಗಳ ಮಾನಾನ ಗೋಡೆಗೆ ನೇತು ಹಾಕ್ತೀಯಾ?" ಎಂದು ನಾನು ಎಲ್ಲರೆದುರು ಕೂಗಾಡಿ ಅದನ್ನು ಇಳಿಸಿದೆ. ಅವಳು ಪಕ್ಕದಲ್ಲೇ ನಿಂತಿದ್ದಳು. ಆ ಫೋಟೊ ಕಳಿಸು ಮಾರಾಯಾ. ಇಲ್ಲ ಎಂದು ಮಾತ್ರ ಹೇಳಬೇಡ, ನಿನ್ನ ಕಾಲು ಹಿಡಿಯುತ್ತೇನೆ. ಜಗತ್ತಿನಲ್ಲಿ ಅವಳ ಮುಖ ಇರುವುದು ನಿನ್ನೊಬ್ಬನ ಹತ್ತಿರ.

ನಿನ್ನ ಮಗನಿಗೆ ನನ್ನ ಆಶೀರ್ವಾದ. ನೂರು ಕಾಲ ನಿಮ್ಮ ಕಣ್ಣೆದುರಿಗೇ ಇರಲಿ.

ನಿನ್ನ
ಟಚ್ಚಿಂಗ್ ಮಾಸ್ಟರ್

ತಾ.ಕ.: ಮನೆಯಲ್ಲಿ ಏನಾದರೂ ಮಾತು ಬಂತೇ ಎಂದು ಎಲ್ಲರೂ ಕೇಳುತ್ತಾರೆ, ಇಲ್ಲ ಎನ್ನುತ್ತೇನೆ. ನಿನ್ನ ಮುಂದೆ ಸುಳ್ಳು ಹೇಳಲಾರೆ. ಹೋಗುವ ದಿನ ಸ್ಟುಡಿಯೋಗೆ ಬಂದು, "ಅಪ್ಪಾ, ನಂದೊಂದು ತೆಗಿ, ನಾನಿರೋ ಹಾಗೆ" ಎಂದು ಕೂತಳು. ತೆಗೆದೆ. ಅವಳೊಂದಿಗೆ ಅದೂ ಇದೂ ಮಾತಾಡುತ್ತಿದ್ದಂತೆ ಕೈ ತನ್ನಷ್ಟಕ್ಕೆ ಕಂಪ್ಯೂಟರಿನಲ್ಲಿ ಮಚ್ಚೆ ಒರೆಸಿ ಮೂಲವನ್ನೂ ಅಳಿಸಿಬಿಟ್ಟಿತು ಕಣೋ, ನನಗೇ ಗೊತ್ತಾಗಲಿಲ್ಲ. ಅವಳು ಪರದೆಯತ್ತ ಬಗ್ಗಿ ನೋಡಿದಳು. "ಚೆನ್ನಾಗಿದ್ದಾಳಪ್ಪಾ. ಇವಳನ್ನೇ ಇಟ್ಕೋ" ಎಂದು ಚಪ್ಪಲಿ ಮೆಟ್ಟಿಕೊಂಡು ಹೋದಳು.